ಪೊಳ್ಳು ಗೋಡೆ ಸ್ಲ್ಯಾಬ್ ಹೊರುತ್ತಾ? ಲಾರಿ ಬೇಕರ್ ಮನೆ ಬಗ್ಗೆ ಮತ್ತದೇ ಪ್ರಶ್ನೆ

ಪ್ರಶ್ನೆ: ಸರ್, ಸಿಂಧನೂರಲ್ಲಿ ಮನೆ ಕಟ್ಟಿಸಬೇಕು. ಲಾರಿ ಬೇಕರ್ ಥರ ಕಟ್ಟಿದರೆ ಖರ್ಚು ಕಡಿಮೆ, ಮನೆ ತಂಪು ಅಂತಾರೆ. ಆದರೆ ಗೋಡೆ ಒಳಗೆ ಪೊಳ್ಳಂತೆ. ನಮ್ಮ ಗೌಂಡಿ ಬೇಡವೇ ಬೇಡ ಅಂತಿದ್ದಾನೆ. ಏನು ಮಾಡಲಿ?

ಉತ್ತರ: ಧೈರ್ಯವಾಗಿ ಕಟ್ಟಿಸಿ. ಬೇಸಿಗೆ ಬಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ನಾನು ಉತ್ತರ ಹೇಳುತ್ತೇನೆ, ಕೊನೆಗೆ ಗೌಂಡಿ ಮಾತೇ ಗೆಲ್ಲುತ್ತದೆ. ಈ ಸಲ ಬಿಡಿಸಿ ಹೇಳುತ್ತೇನೆ, ಅವನಿಗೂ ಓದಿ ಹೇಳಿ.

ಬೇಕರ್ ಅಂದರೆ ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ವಾಸ್ತುಶಿಲ್ಪಿ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದವರು. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕೆಲಸಕ್ಕೆ ಭಾರತಕ್ಕೆ ಬಂದು ಇಲ್ಲಿಯವರೇ ಆದರು. ಮೊದಲು ಹಿಮಾಲಯದ ಪಿತೋರಾಗಢದ ಬೆಟ್ಟದಲ್ಲಿದ್ದರು, ಆಮೇಲೆ ಕೇರಳದಲ್ಲಿ ನೆಲೆಸಿದರು. 1990ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಈಗ ಗೋಡೆ. ಇಟ್ಟಿಗೆಯನ್ನು ಮಲಗಿಸುವುದಿಲ್ಲ, ಅಂಚಿನ ಮೇಲೆ ನಿಲ್ಲಿಸುತ್ತಾರೆ. ಹೊರಗೊಂದು, ಒಳಗೊಂದು, ನಡುವೆ 3 ಇಂಚು ಖಾಲಿ. ಎರಡನ್ನೂ ಹಿಡಿದುಕೊಳ್ಳಲು ಅಡ್ಡಲಾಗಿ ಇನ್ನೊಂದು ಇಟ್ಟಿಗೆ. ಗೋಡೆಯ ದಪ್ಪ ಅದೇ 9 ಇಂಚು, ಇಟ್ಟಿಗೆ ಮಾತ್ರ ಸುಮಾರು ಕಾಲು ಭಾಗ ಕಡಿಮೆ ಸಾಕು. ಇದಕ್ಕೆ ರ‍್ಯಾಟ್ ಟ್ರ್ಯಾಪ್ ಬಾಂಡ್ ಅಂತಾರೆ.

ಪೊಳ್ಳು ಅಂದ ತಕ್ಷಣ ದುರ್ಬಲ ಅಂತ ಯಾರು ಹೇಳಿದರೋ! ಲೆಕ್ಕ ನೋಡಿ. ತೀರಾ ಸಾಧಾರಣ ದರ್ಜೆಯ ಇಟ್ಟಿಗೆಯೂ ಪ್ರತಿ ಚದರ ಸೆಂಟಿಮೀಟರಿಗೆ 35 ಕೆಜಿ ತಡೆಯಬೇಕು ಅಂತ ನಿಯಮ ಇದೆ. ಒಂದು ಅಂತಸ್ತಿನ ಮನೆಯಲ್ಲಿ ಪೊಳ್ಳು ಕಳೆದರೂ ಗೋಡೆಯ ಬುಡದಲ್ಲಿ ಅಷ್ಟೇ ಜಾಗಕ್ಕೆ ಬೀಳುವ ಭಾರ 2 ಕೆಜಿ ಆಸುಪಾಸು. ಗಾರೆ ಸೇರಿದಾಗ ಗೋಡೆಯ ತಾಕತ್ತು ಬಿಡಿ ಇಟ್ಟಿಗೆಗಿಂತ ಕಡಿಮೆ, ನಿಜ. ಆದರೂ ಅಂತರ ಬೇಕಾದಷ್ಟಿದೆ. ಅದರ ಮೇಲೆ ಬುಡದ ವರಸೆ, ಸ್ಲ್ಯಾಬಿನ ಕೆಳಗಿನ ವರಸೆ, ಬಾಗಿಲು ಕಿಟಕಿಯ ಪಕ್ಕಗಳನ್ನು ಗಟ್ಟಿಯಾಗಿಯೇ ಕಟ್ಟುತ್ತಾರೆ.

‘ಯಾರದೋ ಮನೆ ಬಿರುಕು ಬಿಟ್ಟಿತಂತೆ’ ಎನ್ನುವವರು ಮೊದಲು ಪಾಯ ನೋಡಿ ಬರಲಿ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಪಾಯ ಸರಿ ಇಲ್ಲದಿದ್ದರೆ ಎಂಥಾ ಗಟ್ಟಿ ಗೋಡೆಯೂ ಸೀಳುತ್ತದೆ.

ಗೌಂಡಿ ನಿಜವಾಗಿ ಎಚ್ಚರ ವಹಿಸಬೇಕಾದ್ದು ಬೇರೆ. ಗಾರೆ ಹಾಕುವಾಗ ನಡುವಿನ ಸಂದಿಯ ಮೇಲೆ ಒಂದು ಮರದ ಪಟ್ಟಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಗಾರೆಯೆಲ್ಲ ಒಳಗೆ ಬಿದ್ದು ಸಂದಿ ತುಂಬುತ್ತದೆ. ಸಿಮೆಂಟೂ ದಂಡ, ತಂಪೂ ಇಲ್ಲ. ಬಿಸಿಲು ಒಳಗೆ ಬರದಂತೆ ತಡೆಯುವುದೇ ಆ ಖಾಲಿ ಜಾಗ ಅಲ್ವಾ?

ನೀವು ಕೇಳದ ಇನ್ನೊಂದು ಮಾತು. ಇಟ್ಟಿಗೆಯೇ ಯಾಕೆ? ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೇ ಸಿಗಬೇಕು ಎಂಬ ಗಾಂಧೀಜಿಯ ಮಾತನ್ನು ಬೇಕರ್ ಕೊನೆವರೆಗೂ ನೆಚ್ಚಿಕೊಂಡಿದ್ದರು. ಬೆಟ್ಟದಲ್ಲಿದ್ದಾಗ ಅವರು ಕಟ್ಟಿದ್ದು ಅಲ್ಲಿನ ಕಲ್ಲಿನಲ್ಲೇ. ಕೊಪ್ಪಳ, ಕುಷ್ಟಗಿ ಕಡೆಯವರಿಗೆ ಕಲ್ಲು ಕಾಲ ಬುಡದಲ್ಲೇ ಇದೆ. ನಮ್ಮ ಹಳೇ ಮಾಳಿಗೆ ಮನೆಗಳು ಮೇ ತಿಂಗಳಲ್ಲೂ ತಂಪಾಗಿರುವುದು ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಯಿಂದ. ಜಾಗ ಜಾಸ್ತಿ ಇದ್ದು, ಕಲ್ಲು ಹತ್ತಿರದಲ್ಲಿ ಸಿಕ್ಕಿ, ಕಟ್ಟಬಲ್ಲ ಕೈಗಳೂ ಇದ್ದರೆ ನಾನು ಕಲ್ಲೇ ಹಾಕಿ ಅಂತೀನಿ. ಆದರೆ ಕಲ್ಲುಗೋಡೆಗೆ 15 ಇಂಚಾದರೂ ದಪ್ಪ ಬೇಕು. ನಿಮ್ಮದು 20×30 ಸೈಟಾದರೆ ಕೋಣೆಗಳೇ ಸಣ್ಣದಾಗುತ್ತವೆ. ಆಗ 9 ಇಂಚಿನ ಪೊಳ್ಳು ಗೋಡೆಯನ್ನೇ ಹಿಡಿಯಿರಿ, ಪಾಯಕ್ಕೆ ಮಾತ್ರ ಎರೆ ಮಣ್ಣು ಬಲ್ಲ ಎಂಜಿನಿಯರ್ ಹತ್ತಿರ ನಕ್ಷೆ ಹಾಕಿಸಿಕೊಳ್ಳಿ.