ಆ್ಯಪ್ ಡೆವಲಪರ್ ಇಂಟರ್‌ವ್ಯೂಗೆ ಎಷ್ಟು ಪ್ರಾಬ್ಲಮ್ ಬಿಡಿಸಿದರೆ ಸಾಕು?

"ಆಂಡ್ರಾಯ್ಡ್ ಇಂಟರ್‌ವ್ಯೂ ಇದೆ. ಇನ್ನೂರು ಡಿಎಸ್‌ಎ (ಡೇಟಾ ಸ್ಟ್ರಕ್ಚರ್ ಮತ್ತು ಆಲ್ಗರಿದಮ್) ಪ್ರಾಬ್ಲಮ್ ಮುಗಿಸಿದ್ದೇನೆ. ಸಾಕಾ?" ಈ ಪ್ರಶ್ನೆ ಬರುತ್ತಲೇ ಇರುತ್ತದೆ, ನಾನೂ ಹೇಳಿದ್ದನ್ನೇ ಹೇಳುತ್ತಿರುತ್ತೇನೆ. ಅರೇ, ಹ್ಯಾಶ್‌ಮ್ಯಾಪ್, ಟ್ರೀ, ಸಾರ್ಟಿಂಗ್ ಚೆನ್ನಾಗಿ ಬರುತ್ತಿದ್ದರೆ ಹೆಚ್ಚಿನ ಕಡೆ ಕೋಡಿಂಗ್ ರೌಂಡ್‌ಗೆ ಸಾಕು. ಕೆಲವು ದೊಡ್ಡ ಕಂಪನಿಗಳು ಮಾತ್ರ ಇನ್ನೂ ಆಳಕ್ಕೆ ಇಳಿಯುತ್ತವೆ.

ನನಗೆ ಬೇಸರ ತರಿಸುವುದು ಇದರ ಹಿಂದಿರುವ ನಂಬಿಕೆ. ಪ್ರಾಬ್ಲಮ್ ಬಿಡಿಸಲು ಬಂದರೆ ಸಾಕು, ಆಂಡ್ರಾಯ್ಡ್ ಪ್ರಶ್ನೆಗಳನ್ನು ಹಿಂದಿನ ರಾತ್ರಿ ಓದಿಕೊಂಡರಾಯಿತು ಅಂತ. ಆಗಲ್ಲ.

ಯಾಕೆ ಅಂತ ನೋಡಿ. ಇಂಟರ್‌ವ್ಯೂನಲ್ಲಿ ಹೀಗೆ ಕೇಳುತ್ತಾರೆ: "ಸರ್ವರ್‌ನಿಂದ ಪಟ್ಟಿ ಬಂದಿದೆ. ಯೂಸರ್ ಫೋನ್ ಅಡ್ಡ ತಿರುಗಿಸಿದ. ಏನಾಗುತ್ತೆ?" ಆ್ಯಕ್ಟಿವಿಟಿ, ಅಂದರೆ ಆ ಸ್ಕ್ರೀನ್, ನಾಶವಾಗಿ ಹೊಸದಾಗಿ ಹುಟ್ಟುತ್ತದೆ, ಪಟ್ಟಿ ಸ್ಕ್ರೀನಿನ ಡೇಟಾ ಇಟ್ಟುಕೊಳ್ಳುವ ವ್ಯೂಮಾಡೆಲ್‌ನಲ್ಲಿದ್ದರೆ ಉಳಿಯುತ್ತದೆ. ಇಷ್ಟನ್ನು ಓದಿಕೊಂಡವರೂ ಹೇಳುತ್ತಾರೆ. ಮುಂದಿನ ಪ್ರಶ್ನೆ: "ಯೂಸರ್ ಬೇರೆ ಆ್ಯಪ್‌ಗೆ ಹೋದ. ಮೆಮೊರಿ ಸಾಲದೆ ಸಿಸ್ಟಮ್ ನಿಮ್ಮ ಆ್ಯಪ್‌ನ ಪ್ರೊಸೆಸ್ಸನ್ನೇ ಕೊಂದಿತು. ಈಗ?" ಇಲ್ಲೇ ಎಷ್ಟೋ ಜನ ಮಾತು ನಿಲ್ಲಿಸುತ್ತಾರೆ. ಪ್ರೊಸೆಸ್ ಹೋದರೆ ವ್ಯೂಮಾಡೆಲ್ ಕೂಡ ಹೋಗುತ್ತದೆ. ಹುಡುಕಾಟದ ಪದದಂಥ ಚಿಕ್ಕ ವಿಷಯ, ಪ್ರೊಸೆಸ್ ಹೋದರೂ ಸಿಸ್ಟಮ್ ಉಳಿಸಿಕೊಡುವ ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಲ್ಲಿ ಇರಬೇಕು, ಪಟ್ಟಿ ಫೋನ್‌ನಲ್ಲೇ ಇರುವ ರೂಮ್ ಡೇಟಾಬೇಸ್‌ನಲ್ಲಿ ಇರಬೇಕು. "ಸರಿ, ಇದನ್ನು ಹೇಗೆ ಟೆಸ್ಟ್ ಮಾಡುತ್ತೀರಿ?" ಹೋಮ್ ಒತ್ತಿ, ಎಡಿಬಿಯಿಂದ (ಕಂಪ್ಯೂಟರ್‌ನಿಂದ ಫೋನ್‌ಗೆ ಕಮಾಂಡ್ ಕೊಡುವ ಟೂಲ್) ಪ್ರೊಸೆಸ್ ಕೊಂದು, ರೀಸೆಂಟ್ಸ್‌ನಿಂದ ಆ್ಯಪ್ ಮತ್ತೆ ತೆರೆಯುವುದು. ಒಮ್ಮೆ ಮಾಡಿ ನೋಡಿದವರಿಗೆ ಈ ಉತ್ತರ ತಡವರಿಸದೆ ಬರುತ್ತದೆ. ಮಾಡದವರಿಗೆ ಎಷ್ಟು ಪ್ರಾಬ್ಲಮ್ ಬಿಡಿಸಿದ್ದರೂ ಬರುವುದಿಲ್ಲ.

ಐಫೋನ್ ಕಡೆಯವರಿಗೂ ಇದೇ ಮಾತು. ರಿಟೇನ್ ಸೈಕಲ್ (ಆಬ್ಜೆಕ್ಟ್‌ಗಳು ಒಂದನ್ನೊಂದು ಹಿಡಿದುಕೊಂಡು ಮೆಮೊರಿ ಬಿಡದಿರುವುದು) ಅಂದರೇನು ಅಂತ ಬಾಯಿಪಾಠ ಮಾಡಬೇಡಿ. ಆಬ್ಜೆಕ್ಟ್ ಅಳಿಯುವಾಗ ಓಡುವ ಡಿಇನಿಟ್ ಒಳಗೆ ಒಂದು ಪ್ರಿಂಟ್ ಹಾಕಿ, ಸ್ಕ್ರೀನ್ ಮುಚ್ಚಿ. ಪ್ರಿಂಟ್ ಬರಲಿಲ್ಲವೇ? ಯಾವ ಕ್ಲೋಷರ್ (ಆಮೇಲೆ ಓಡಿಸಲು ಇಟ್ಟ ಕೋಡ್ ತುಂಡು) ಸೆಲ್ಫ್ ಅನ್ನು, ಅಂದರೆ ಆ ಸ್ಕ್ರೀನಿನ ಆಬ್ಜೆಕ್ಟನ್ನೇ, ಹಿಡಿದುಕೊಂಡಿದೆ ಅಂತ ಹುಡುಕಿ. ಹೀಗೆ ಹುಡುಕಿ ಕಲಿತು ಬಂದ ನನ್ನ ವಿದ್ಯಾರ್ಥಿಗಳ ಉತ್ತರ ಕೇಳಿದರೆ ನನಗೆ ನಿಜಕ್ಕೂ ಹೆಮ್ಮೆ.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಕೊನೆಗೆ "ನಿಮಗೇನಾದರೂ ಕೇಳಬೇಕಾ?" ಅಂದಾಗ ಸುಮ್ನೆ ತಲೆ ಅಲ್ಲಾಡಿಸಿ ಎದ್ದು ಬರಬೇಡಿ. ರಿಲೀಸ್ ಹೇಗೆ ಮಾಡುತ್ತೀರಿ ಅಂತ ಕೇಳಿ. ವೆಬ್‌ಸೈಟ್‌ನಲ್ಲಿ ತಪ್ಪಾದರೆ ಸರ್ವರ್‌ನಲ್ಲಿ ಸರಿಮಾಡಿದರೆ ಆಯಿತು. ಆದರೆ ಫೋನ್‌ಗೆ ಇಳಿದ ಆ್ಯಪನ್ನು ವಾಪಸ್ ಎಳೆದುಕೊಳ್ಳಲು ಬರುವುದಿಲ್ಲ ಅಲ್ವಾ? ಅದಕ್ಕೇ ಹಂತ ಹಂತವಾಗಿ ಬಿಡುವ ವ್ಯವಸ್ಥೆ ಇದೆ. ಪ್ಲೇ ಸ್ಟೋರ್‌ನಲ್ಲಿ ಶೇಕಡಾ ಎಷ್ಟು ಜನಕ್ಕೆ ಅಂತ ನಾವೇ ಆರಿಸಬಹುದು. ಆಪಲ್‌ನಲ್ಲಿ ಆಟೋ ಅಪ್‌ಡೇಟ್ 7 ದಿನಗಳಲ್ಲಿ ಶೇ. 1, 2, 5, 10, 20, 50, 100 ಅಂತ ಏರುತ್ತದೆ, ನಡುವೆ ತಡೆಹಿಡಿಯಲೂಬಹುದು. ಕ್ರ್ಯಾಶ್ ಜಾಸ್ತಿಯಾದರೆ ಆ ರಿಲೀಸ್ ತಡೆಯುವ ಹೊಣೆ ಯಾರದ್ದು ಅಂತಲೂ ಕೇಳಿ. ಆ ಟೀಮ್‌ನಲ್ಲಿ ನಿಮ್ಮ ದಿನಗಳು ಹೇಗಿರುತ್ತವೆ ಅನ್ನುವುದು ಆ ಉತ್ತರದಲ್ಲೇ ಗೊತ್ತಾಗುತ್ತದೆ.