ಅದು ಥೆರೆಮಿನ್ ಅಲ್ಲ ಮಾರಾಯ್ರೇ!

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಪಿಯಾನೊ, ಗಿಟಾರ್, ಕೀಬೋರ್ಡ್ ಅಂತ ಕೈಗೆ ಸಿಕ್ಕಿದ್ದರಲ್ಲೆಲ್ಲ ನುಡಿಸಿ ನೋಡುವವರು ತುಂಬ ಜನ. ಸ್ವರ ಸರಿ, ತಾಳ ಸರಿ. ಆದರೂ ಆ ಮಜಾ ಬರಲ್ಲ. ಆಗ ಯಾರಾದರೂ ಒಬ್ಬರು ತಿಳಿದವರ ಹಾಗೆ ಹೇಳುತ್ತಾರೆ: ‘ಮೂಲದಲ್ಲಿರೋದು ಥೆರೆಮಿನ್ ಕಣ್ರೀ’. ಮುಟ್ಟದೆ, ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ರಷ್ಯಾದ ವಾದ್ಯ ಅದು. 1966ರಲ್ಲಿ ಶುರುವಾದ ಅಮೆರಿಕದ ‘ಸ್ಟಾರ್ ಟ್ರೆಕ್’ ಬಗ್ಗೆಯೂ ಇದೇ ಮಾತು.

ಎರಡೂ ಸುಳ್ಳು. ಸ್ಟಾರ್ ಟ್ರೆಕ್‌ನಲ್ಲಿ ಕೇಳುವುದು ಲೂಲಿ ಜೀನ್ ನಾರ್ಮನ್ ಎಂಬ ಗಾಯಕಿಯ ದನಿ. ಡಾಕ್ಟರ್ ಹೂನಲ್ಲಿ ಇರುವುದು ಕತ್ತರಿಸಿ ಅಂಟಿಸಿದ ಟೇಪು. ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್ ಕೂಡ ಅಲ್ಲ, ಮೂಗ್ ಸಿಂಥಸೈಜರ್ ಜನರ ಮುಂದೆ ಬಂದಿದ್ದೇ 1964ರಲ್ಲಿ, ಈ ಸಂಗೀತ 1963ರದ್ದು.

ಸಂಗೀತ ಸಂಯೋಜಕ ರಾನ್ ಗ್ರೇನರ್ ಒಂದು ಹಾಳೆಯಲ್ಲಿ ರಾಗ ಬರೆದುಕೊಟ್ಟರು. ಅದಕ್ಕೆ ಸದ್ದು ಕೊಟ್ಟವರು ಕಾರ್ಯಕ್ರಮಗಳಿಗೆ ವಿಶೇಷ ಸದ್ದುಗಳನ್ನು ಮಾಡಿಕೊಡುತ್ತಿದ್ದ ವಿಭಾಗವಾದ ಬಿಬಿಸಿ ರೇಡಿಯೊಫೋನಿಕ್ ವರ್ಕ್‌ಶಾಪಿನ ಡೀಲಿಯಾ ಡರ್ಬಿಶೈರ್, ಕೇಂಬ್ರಿಜ್‌ನಲ್ಲಿ ಗಣಿತವನ್ನೂ ಸಂಗೀತವನ್ನೂ ಓದಿದವರು. ಜೊತೆಗೆ ಡಿಕ್ ಮಿಲ್ಸ್. ರಾಗದ ಕೆಳಸ್ಥಾಯಿಯಲ್ಲಿ ಕೇಳುವ ‘ಡುಂ ಡ ಡುಂ’ ಮೀಟಿದ ಒಂದು ತಂತಿಯ ಸದ್ದು. ಅದನ್ನೇ ಬೇರೆ ಬೇರೆ ವೇಗದಲ್ಲಿ ಓಡಿಸಿ ಬೇರೆ ಬೇರೆ ಸ್ವರ ಮಾಡಿಕೊಂಡರು. ವೇಗ ಎರಡು ಪಟ್ಟಾದರೆ ಒಂದು ಸ್ಥಾಯಿ ಮೇಲೆ, ಸುಮಾರು 6 ಶೇಕಡಾ ಜಾಸ್ತಿಯಾದರೆ ಅರ್ಧ ಸ್ವರ ಮೇಲೆ. ಹೀಗೆ ಸಿಕ್ಕ ಸ್ವರಗಳನ್ನು ಬ್ಲೇಡಿನಿಂದ ಕತ್ತರಿಸಿ ಸಾಲಾಗಿ ಅಂಟಿಸಿದರು. ಟೇಪು ಸೆಕೆಂಡಿಗೆ 15 ಇಂಚು ಓಡುತ್ತದೆ ಅಂದುಕೊಳ್ಳಿ, ಹತ್ತನೇ ಒಂದು ಸೆಕೆಂಡಿನ ಸ್ವರ ಅಂದರೆ ಒಂದೂವರೆ ಇಂಚಿನ ತುಂಡು! ನೇರವಾಗಿ ಕತ್ತರಿಸಿದರೆ ಸ್ವರ ಟಪ್ ಅಂತ ಶುರುವಾಗುತ್ತದೆ, ಓರೆಯಾಗಿ ಕತ್ತರಿಸಿದರೆ ಮೆಲ್ಲಗೆ ಏರುತ್ತದೆ. ಒಮ್ಮೆ ಎಲ್ಲೋ ಒಂದು ಸ್ವರ ತಪ್ಪಿ ಹೋಗಿ, ಟೇಪುಗಳನ್ನು ಕಾರಿಡಾರಿನ ಉದ್ದಕ್ಕೂ ಪಕ್ಕಪಕ್ಕ ಹಾಸಿ ಅಂಟುಗಳನ್ನು ಹೋಲಿಸಿ ಹುಡುಕಿದರಂತೆ.

ಗ್ರೇನರ್ ತಮ್ಮ ರಾಯಲ್ಟಿಯಲ್ಲಿ ಅರ್ಧ ಡರ್ಬಿಶೈರ್ ಅವರಿಗೆ ಸಿಗಲಿ ಅಂದರು. ಬಿಬಿಸಿಯ ನಿಯಮ ಬಿಡಲಿಲ್ಲ. ಆಕೆಯ ಹೆಸರು ತೆರೆಯ ಮೇಲೆ ಬಂದಿದ್ದು 2013ರ ವಿಶೇಷ ಕಂತಿನಲ್ಲಿ, ಆಕೆ ತೀರಿಕೊಂಡು 12 ವರ್ಷವಾದ ಮೇಲೆ. ನನಗಂತೂ ಇದು ಇವತ್ತಿಗೂ ಸಿಟ್ಟು ಬರಿಸುವ ವಿಷಯ.

ಇರಲಿ. ಮನುಷ್ಯರ ದನಿ, ಟೇಪು, ಥೆರೆಮಿನ್, ಮೂರೂ ಕಿವಿಗೆ ಯಾಕೆ ಒಂದೇ ಥರ ಕೇಳುತ್ತವೆ? ಶಾಲೆಯಲ್ಲಿ ಹೇಳಿಕೊಟ್ಟಿದ್ದು ಇಷ್ಟು: ಮೂಲ ಕಂಪನದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಗಳು ಎಷ್ಟೆಷ್ಟು ಬೆರೆತಿವೆ ಅನ್ನುವುದೇ ವಾದ್ಯದ ಗುರುತು. ಇದು ಅರ್ಧ ಸತ್ಯ ಅಷ್ಟೇ. ಪಿಯಾನೊದ ಒಂದು ಸ್ವರವನ್ನು ರೆಕಾರ್ಡ್ ಮಾಡಿ ಹಿಂದುಮುಂದಾಗಿ ಕೇಳಿ. ಇರುವ ಕಂಪನಗಳು ಅವೇ, ಅಷ್ಟೇ ಪ್ರಮಾಣದಲ್ಲಿ. ಆದರೆ ಹಾರ್ಮೋನಿಯಮ್ಮಿನ ಅಣ್ಣನ ಹಾಗೆ ಕೇಳುತ್ತದೆ. ಸುತ್ತಿಗೆ ಬಿದ್ದ ಮೊದಲ ಕ್ಷಣ ಕೊನೆಗೆ ಹೋಯಿತು, ಅಲ್ವಾ? ಗೇಟು ತೆಗೆದ ಸದ್ದಿನಲ್ಲೇ ಮನೆಗೆ ಬಂದವರು ಯಾರು ಅಂತ ಗೊತ್ತಾಗುವ ಹಾಗೆ, ಸ್ವರ ಹುಟ್ಟುವ ಆ ಚೂರು ಹೊತ್ತಿನಲ್ಲೇ ಕಿವಿ ವಾದ್ಯವನ್ನು ಹೆಚ್ಚುಕಡಿಮೆ ಗುರುತಿಸಿ ಆಗಿರುತ್ತದೆ.

ಈಗ ಆ ಮೊದಲ ಕ್ಷಣವನ್ನು ತೆಗೆದುಹಾಕಿ, ಮೇಲಿನ ಕಂಪನಗಳನ್ನೂ ಕಡಿಮೆ ಮಾಡಿ, ಸ್ವರದಿಂದ ಸ್ವರಕ್ಕೆ ಜಾರಿಸುತ್ತಾ ಹೋಗಿ. ಗುರುತು ಹಿಡಿಯಲು ಕಿವಿಗೆ ಏನೂ ಉಳಿಯಲ್ಲ. ಮೇಲಿನ ರಾಗಕ್ಕೆ ಡರ್ಬಿಶೈರ್ ಆಸಿಲೇಟರಿನ (ವಿದ್ಯುತ್ತಿನಿಂದ ಒಂದೇ ಸಮನೆ ಸ್ವರ ಹೊರಡಿಸುವ ಯಂತ್ರ) ಗುಂಡಿಯನ್ನು ಕೈಯಲ್ಲೇ ತಿರುಗಿಸಿ ಸ್ವರ ಜಾರಿಸಿದ್ದರು. ಗಾಯಕಿಯ ವಿಷಯ ಇನ್ನೂ ಚೆನ್ನ. ದನಿ 1000 ಹರ್ಟ್ಸ್ ಹತ್ತಿರ ಹೋದರೆ ಅದರಲ್ಲಿರುವುದು 1000, 2000, 3000, ಹೀಗೆ ದೂರದೂರದ ಕಂಪನಗಳು. ‘ಆ’ ಮತ್ತು ‘ಈ’ ಬೇರೆ ಅಂತ ತೋರಿಸುವ ವಿವರ ಆ ಸಂದುಗಳಲ್ಲಿ ಕಳೆದುಹೋಗುತ್ತದೆ, ಬಾಯಿ ಹೇಗೆ ತೆರೆದರೂ ಬರೀ ಒಂದು ಶಿಳ್ಳೆ!

ಹಾಗಾಗಿ ಡಾಕ್ಟರ್ ಹೂ ರಾಗಕ್ಕೆ ಪಿಯಾನೊ ಸುಮ್ನೆ ದಂಡ, ಪ್ರತಿ ಸ್ವರಕ್ಕೂ ಒಂದು ಏಟು ಬೀಳುತ್ತದೆ. ವೀಣೆಯಲ್ಲಿ ತಂತಿ ಎಳೆದು ಜಾರು ತರಬಹುದು, ಆದರೆ ಮೀಟು ಕೇಳೇ ಕೇಳುತ್ತದೆ. ಪಿಟೀಲು ಪರವಾಗಿಲ್ಲ, ಕಮಾನಿನ ಗರಗರ ಕಡಿಮೆ ಮಾಡಿದರೆ. ನನ್ನ ಓಟು ನಮ್ಮ ಬಿದಿರಿನ ಕೊಳಲಿಗೆ: ಮೇಲಿನ ಸ್ಥಾಯಿಯಲ್ಲಿ ಅದರ ನಾದ ತುಂಬ ಸರಳ, ಬೆರಳನ್ನು ರಂಧ್ರದ ಮೇಲಿಂದ ನಿಧಾನ ಸರಿಸಿದರೆ ಸ್ವರವೂ ಜಾರುತ್ತದೆ. ತುತ್ತುಕಾರ (ನಾಲಗೆಯಿಂದ ‘ತು’ ಅಂತ ತಟ್ಟಿ ಸ್ವರ ಹಿಡಿಯುವುದು) ಮಾತ್ರ ಬೇಡ, ಉಸಿರಿನಲ್ಲೇ ಶುರುಮಾಡಿ. ಕೀಬೋರ್ಡೇ ಗತಿ ಅನ್ನುವವರು ಸ್ವರ ಜಾರಿಸುವ ಪಿಚ್ ಬೆಂಡ್ ಚಕ್ರದ ವ್ಯಾಪ್ತಿಯನ್ನು 12 ಅರ್ಧ ಸ್ವರಕ್ಕೆ ಏರಿಸಿಕೊಳ್ಳಿ.

ಕೆಳಗಿನ ‘ಡುಂ ಡ ಡುಂ’ಗೆ ಮಾತ್ರ ವೀಣೆಯೇ ಸರಿ. ಒಂದೇ ತಂತಿ ಮೀಟಿ ಫೋನಿನಲ್ಲಿ ರೆಕಾರ್ಡ್ ಮಾಡಿ, ಅರ್ಧ ವೇಗಕ್ಕೆ ಇಳಿಸಿ. ಆದರೆ ಒಂದು ಮಾತು: ಈಗಿನ ಎಷ್ಟೋ ಆಪ್‌ಗಳು ವೇಗ ಇಳಿಸಿದರೂ ಶ್ರುತಿಯನ್ನು ಹಾಗೇ ಇಟ್ಟುಬಿಡುತ್ತವೆ. ಆ ಸೆಟ್ಟಿಂಗ್ ಮೊದಲು ತೆಗೆಯಿರಿ, ಶ್ರುತಿಯೂ ಇಳಿಯಬೇಕು, ಮೀಟೂ ಎರಡು ಪಟ್ಟು ಹಿಗ್ಗಬೇಕು.