ನೂರು ಕಿಲೋದ ಮೈ, ಐದು ಕಿಲೋದ ತಲೆ

ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಕುಸ್ತಿ ಕಣದ ಸುತ್ತ ಒಂದು ವಾದ ತಪ್ಪದೆ ಏಳುತ್ತದೆ. ಹಿಂದಿನ ಪೈಲ್ವಾನರು ಗಟ್ಟಿಯೋ, ಈಗಿನವರೋ? ಹಿರಿಯರ ತೀರ್ಪು ಮೊದಲೇ ಸಿದ್ಧವಿರುತ್ತದೆ. "ಅವರು ಬಿಳಿಜ್ವಾಳದ ರೊಟ್ಟಿ, ಎಮ್ಮಿ ಹಾಲು ಉಂಡ ಮಂದಿ ತಮ್ಮಾ. ಈಗಿನವರದು ಬರೇ ಡಬ್ಬಿ ಪೌಡರ್." ತಾಲೀಮಿಗೆ ಹೋಗುವ ಹುಡುಗರು ಸುಮ್ಮನಿರುವುದಿಲ್ಲ. ಮೊಬೈಲ್ ತೆಗೆದು ವಾದವನ್ನು ಬಾಕ್ಸಿಂಗ್ ರಿಂಗಿಗೆ ಎಳೆಯುತ್ತಾರೆ. "ಕಾಕಾ, ಟೈಸನ್ ಫ್ಯೂರಿ ಆರಡಿ ಒಂಬತ್ತು ಇಂಚು ಅದಾನ. ನಿಮ್ಮ ಮೊಹಮ್ಮದ್ ಅಲಿ ಇವನ ಮುಂದ ಎಷ್ಟೊತ್ತು ನಿಲ್ತಿದ್ದ?"

ಒಬ್ಬರು ಕಾಲ ನೋಡಿ ಅಳೆಯುತ್ತಾರೆ, ಇನ್ನೊಬ್ಬರು ತೂಕ ನೋಡಿ. ಎರಡೂ ಅಳತೆ ತಪ್ಪು. ಹೆವಿವೇಟ್ ಚಾಂಪಿಯನ್ನರನ್ನು ಹೋಲಿಸಬೇಕಾದರೆ ನೋಡಬೇಕಾದದ್ದು ಬೇರೆಯೇ ಒಂದಿದೆ. ಮುಷ್ಟಿ ದವಡೆಗೆ ತಾಗುವ ಆ ನೂರರಲ್ಲೊಂದು ಸೆಕೆಂಡಿನಲ್ಲಿ ಮೈಯ ಎಷ್ಟು ತೂಕ ಮುಷ್ಟಿಯ ಬೆನ್ನಿಗೆ ನಿಂತಿರುತ್ತದೆ? ಆ ಹೊಡೆತ ತಿನ್ನುವ ತಲೆಯ ತೂಕ ಎಷ್ಟು? ಈ ಎರಡು ಪ್ರಶ್ನೆ ಹಿಡಿದು ಹೊರಟರೆ ಕಾಕಾನ ವಾದವೂ ಹುಡುಗರ ವಾದವೂ ಅರ್ಧಕ್ಕೇ ನಿಲ್ಲುತ್ತವೆ.

ಹೆವಿವೇಟ್ ವಿಭಾಗಕ್ಕೆ ಕೆಳಗಿನ ಮಿತಿ ಇದೆ, ಮೇಲಿನ ಮಿತಿ ಇಲ್ಲ. ಈಗ ಸಾಮಾನ್ಯವಾಗಿ 200 ಪೌಂಡ್, ಅಂದರೆ 90.7 ಕಿಲೋ ದಾಟಿದವರು ಹೆವಿವೇಟ್. ಒಂದು ಸೋಲೂ ಕಾಣದೆ 49 ಪಂದ್ಯ ಗೆದ್ದು ನಿವೃತ್ತನಾದ ರಾಕಿ ಮಾರ್ಸಿಯಾನೊ 1952ರಲ್ಲಿ ಪಟ್ಟ ಗೆದ್ದಾಗ ತೂಗಿದ್ದು ಸುಮಾರು 84 ಕಿಲೋ. ಇಂದಿನ ಲೆಕ್ಕದಲ್ಲಿ ಅವನು ಹೆವಿವೇಟಿಗಿಂತ ಕೆಳಗಿನ ಕ್ರೂಸರ್‌ವೇಟ್. ಆ ವಿಭಾಗ ಹುಟ್ಟಿದ್ದೇ 1979ರಲ್ಲಿ. ಜೋ ಲೂಯಿಸ್ 90ರ ಆಸುಪಾಸು, 1974ರಲ್ಲಿ ಕಿನ್ಶಾಸಾದಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್‌ನನ್ನು ಕೆಡವಿದ ಅಲಿ 98, 1986ರಲ್ಲಿ ಇಪ್ಪತ್ತನೇ ವಯಸ್ಸಿಗೆ ಚಾಂಪಿಯನ್ ಆದ ಮೈಕ್ ಟೈಸನ್ 100, ಡಿಸೆಂಬರ್ 2024ರ ಫ್ಯೂರಿ 127 ಕಿಲೋ. ಒಂದೇ ಪಟ್ಟ, ಆದರೆ ಅದನ್ನು ಕಟ್ಟಿಕೊಂಡ ಮೈಗಳು ಒಂದೇ ಬಗೆಯವಲ್ಲ.

ಕಾಲ ಬೇರೆ ಬೇರೆಯಾದ ಚಾಂಪಿಯನ್ನರನ್ನು ಕಾದಾಡಿಸುವ ಆಸೆ ನಮ್ಮ ಜಾತ್ರೆಯವರಿಗಷ್ಟೇ ಇರುವುದಲ್ಲ. 1967ರಲ್ಲಿ ಅಮೆರಿಕದ ಮರ್ರಿ ವೊರೊನರ್ ಎಂಬ ನಿರ್ಮಾಪಕ ಹಳೆಯ ಚಾಂಪಿಯನ್ನರ ಅಂಕಿಅಂಶಗಳನ್ನೆಲ್ಲ ಎನ್‌ಸಿಆರ್ 315 ಕಂಪ್ಯೂಟರಿಗೆ ತುಂಬಿ ರೇಡಿಯೋದಲ್ಲಿ ಟೂರ್ನಿಯನ್ನೇ ನಡೆಸಿದ. ಅದರಲ್ಲಿ ಶತಮಾನದ ಆರಂಭದ ಜಿಮ್ ಜೆಫ್ರೀಸ್ ಅಲಿಯನ್ನು ಸೋಲಿಸಿಬಿಟ್ಟ. ಅಲಿ ಸಿಟ್ಟಾಗಿ ಹತ್ತು ಲಕ್ಷ ಡಾಲರ್‌ಗೆ ಮೊಕದ್ದಮೆ ಹೂಡಿದ. ಕೊನೆಗೆ ರಾಜಿಯಾಗಿ, ಅಲಿ ಮತ್ತು ನಿವೃತ್ತ ಮಾರ್ಸಿಯಾನೊ ಇಬ್ಬರೂ ಕ್ಯಾಮೆರಾ ಮುಂದೆ ಸುತ್ತು ಸುತ್ತಾಗಿ ಕಾದಾಡಿದಂತೆ ನಟಿಸಿದರು. 1970ರ ಜನವರಿಯಲ್ಲಿ ಚಿತ್ರಮಂದಿರಗಳಲ್ಲಿ ಅದು ಬಂದಾಗ ಹದಿಮೂರನೇ ಸುತ್ತಿನಲ್ಲಿ ಮಾರ್ಸಿಯಾನೊಗೆ ನಾಕೌಟ್ ಗೆಲುವು. ಅಷ್ಟರಲ್ಲಿ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಕಂಪ್ಯೂಟರ್ ಹೇಳಿತು ಎಂದ ಮಾತ್ರಕ್ಕೆ ಜನ ನಂಬಿದರು. ಒಳಗೆ ತುಂಬಿದ ಅಂಕಿ ಮನುಷ್ಯರ ಅಭಿಪ್ರಾಯವೇ ಆಗಿದ್ದರೆ ಹೊರಗೆ ಬರುವುದೂ ಅಭಿಪ್ರಾಯವೇ ಅಲ್ಲವೆ? ಇಂದು ಮೊಬೈಲ್‌ನಲ್ಲಿ ಓಡಾಡುವ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿಗಳನ್ನು ನೋಡುವಾಗಲೂ ನಾನು ಇದನ್ನೇ ಕೇಳುತ್ತೇನೆ.

ಅಳೆಯಬಹುದಾದದ್ದನ್ನು ನಿಜಕ್ಕೂ ಅಳೆದವರಿದ್ದಾರೆ. 1985ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಅಧ್ಯಯನ ಪ್ರಕಟಿಸಿತು. ಫ್ರಾಂಕ್ ಬ್ರೂನೋ ಎಂಬ ಬ್ರಿಟಿಷ್ ಹೆವಿವೇಟ್ ತೂಗುಹಾಕಿದ ಗುರಿಯೊಂದಕ್ಕೆ ಹೊಡೆದ. ಮುಷ್ಟಿ ಸುಮಾರು ಅರ್ಧ ಮೀಟರ್ ದೂರವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಟಿತು. ತಾಗುವಾಗಿನ ವೇಗ ಸೆಕೆಂಡಿಗೆ 8.9 ಮೀಟರ್, ಬಲದ ತುದಿ ಸುಮಾರು 4,100 ನ್ಯೂಟನ್. ಮೆತ್ತೆ ಸುತ್ತಿದ ಆರು ಕಿಲೋದ ಮರದ ಕೊಡತಿಯನ್ನು ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಬೀಸಿದ ಹಾಗೆ ಎಂದು ಸಂಶೋಧಕರೇ ಬರೆದರು.

ಬ್ರೂನೋನ ಮೈತೂಕ ನೂರು ಕಿಲೋ. ಕೊಡತಿ ಮಾತ್ರ ಆರು ಕಿಲೋ. ಉಳಿದ ತೊಂಬತ್ತನಾಲ್ಕು ಕಿಲೋ ಎಲ್ಲಿ ಹೋಯಿತು? ನನ್ನನ್ನು ಈ ವಿಷಯಕ್ಕೆ ಅಂಟಿಸಿದ್ದು ಇದೇ ಪ್ರಶ್ನೆ.

ಭೌತವಿಜ್ಞಾನದಲ್ಲಿ ಇದನ್ನು ಪರಿಣಾಮಕಾರಿ ದ್ರವ್ಯರಾಶಿ ಎನ್ನುತ್ತಾರೆ. ಸರಳವಾಗಿ ಕೂಡಿದ ತೂಕ ಎನ್ನೋಣ. ಬಾಗಲಕೋಟೆ, ಬೆಳಗಾವಿ ರಸ್ತೆಗಳಲ್ಲಿ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ನೋಡಿದ್ದೀರಿ. ನಡುವಿನ ಕೊಂಡಿ ಸಡಿಲವಿದ್ದರೆ ಟ್ರ್ಯಾಕ್ಟರ್ ಗೋಡೆಗೆ ಗುದ್ದಿದ ಕ್ಷಣದಲ್ಲಿ ಗೋಡೆಗೆ ತಾಗುವುದು ಟ್ರ್ಯಾಕ್ಟರಿನ ತೂಕ ಮಾತ್ರ. ಟ್ರೇಲರ್‌ಗಳು ತಡವಾಗಿ ಬಂದು ಟ್ರ್ಯಾಕ್ಟರಿಗೇ ಗುದ್ದುತ್ತವೆ. ಕೊಂಡಿ ಬಿಗಿಯಾಗಿದ್ದರೆ ಮೂರೂ ಒಂದೇ ದಿಮ್ಮಿಯಾಗಿ ಗೋಡೆ ಹೊಕ್ಕುತ್ತವೆ. ಬಾಕ್ಸರನ ಮಣಿಕಟ್ಟು, ಮೊಣಕೈ, ಭುಜ, ಸೊಂಟ, ಮೊಣಕಾಲು ಎಲ್ಲವೂ ಇಂಥ ಕೊಂಡಿಗಳೇ. ಮನುಷ್ಯನ ಅಂಗೈ ಮೈತೂಕದ ನೂರರಲ್ಲಿ ಒಂದು ಪಾಲೂ ಇಲ್ಲ, ಇಡೀ ತೋಳು ಸುಮಾರು ಐದು ಪಾಲು. ಕೊಂಡಿ ಸಡಿಲಬಿಟ್ಟ ಹೊಸಬನ ಗುದ್ದಿನಲ್ಲಿ ಬರುವುದು ಕೈಯೊಂದೇ.

ಹಾಗೆಂದು ಎಲ್ಲ ಕೊಂಡಿಗಳನ್ನೂ ಮೊದಲಿನಿಂದಲೇ ಬಿಗಿಹಿಡಿದರೆ ಕೈ ಓಡುವುದಿಲ್ಲ. ಬಿಗಿದ ಸ್ನಾಯು ತನ್ನ ಚಲನೆಗೇ ಬ್ರೇಕ್ ಹಾಕುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಜೊತೆಗಾರರು ನುರಿತ ಕಾದಾಟಗಾರರ ಸ್ನಾಯುಗಳಿಗೆ ವಿದ್ಯುದ್ವಾರ ಅಂಟಿಸಿ ನೋಡಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಡೆತ ಹೊರಡುವಾಗ ಸ್ನಾಯು ಒಮ್ಮೆ ಬಿಗಿಯುತ್ತದೆ, ದಾರಿಯಲ್ಲಿ ಸಡಿಲುತ್ತದೆ, ತಾಗುವ ಹೊತ್ತಿಗೆ ಮತ್ತೆ ಬಿಗಿಯುತ್ತದೆ. ಮೊದಲ ಬಿಗಿ ವೇಗಕ್ಕೆ, ಎರಡನೆಯದು ತೂಕ ಕೂಡಿಸುವುದಕ್ಕೆ. ಈ ಬಿಗಿ-ಸಡಿಲ-ಬಿಗಿಯ ಆಟ ಪೂರ್ತಿ ಮುಗಿಯುವುದು ಕಣ್ಣು ಪಿಳುಕಿಸುವುದರೊಳಗೆ. ವರ್ಷಗಟ್ಟಲೆ ಚೀಲಕ್ಕೆ ಗುದ್ದಿ ಕಲಿಯುವುದು ಇದನ್ನೇ. ಸೋವಿಯತ್ ತರಬೇತುದಾರರು 1980ರ ದಶಕದಲ್ಲೇ ಲೆಕ್ಕ ಹಾಕಿದ್ದರು: ಪಳಗಿದ ಬಾಕ್ಸರನ ಹೊಡೆತದಲ್ಲಿ ಕಾಲಿನ ಪಾಲು ನೂರಕ್ಕೆ 38ರಷ್ಟು, ಹೊಸಬನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ನಮ್ಮ ತಾಲೀಮುಗಳಲ್ಲಿ ವಸ್ತಾದರು ಹುಡುಗರಿಂದ ಸಾವಿರಗಟ್ಟಲೆ ಬೈಠಕ್ ಹೊಡೆಸುವುದಕ್ಕೆ ಕಾರಣ ಕೇಳಿದವರಿಗೆ ಈ ಅಂಕಿ ತೋರಿಸಬಹುದು.

2000ನೇ ಇಸವಿಯಲ್ಲಿ ಬ್ರಿಟನ್ನಿನ ಸಂಶೋಧಕರು ಅಳೆದಾಗ ನುರಿತ ಬಾಕ್ಸರರ ಹಿಂದಿನ ಕೈಯ ಹೊಡೆತ ಸರಾಸರಿ 4,800 ನ್ಯೂಟನ್, ಹೊಸಬರದ್ದು 2,381. ಅಂದರೆ ಎರಡು ಪಟ್ಟು. 2005ರಲ್ಲಿ ಒಲಿಂಪಿಕ್ ಬಾಕ್ಸರರ ಮೇಲೆ ನಡೆದ ಅಳತೆಯಲ್ಲಿ ಕೂಡಿದ ತೂಕದ ಸರಾಸರಿ ಮೂರು ಕಿಲೋಗಿಂತ ಕಡಿಮೆ. ದಪ್ಪನೆಯವರ ಹೊಡೆತ ಜೋರಾಗಿದ್ದುದಕ್ಕೆ ಕಾರಣ ಕೈಯ ವೇಗವಲ್ಲ, ಈ ಕೂಡಿದ ತೂಕ. ಹೌದು, ತೂಕಕ್ಕೆ ಬೆಲೆ ಇದೆ. ಆದರೆ ಅಲಿಯ 98 ಕಿಲೋ ಮತ್ತು ಫ್ಯೂರಿಯ 127 ಕಿಲೋ ನಡುವಿನ ವ್ಯತ್ಯಾಸ ನೂರಕ್ಕೆ ಮೂವತ್ತು. ಕಲಿಕೆ ತರುವ ವ್ಯತ್ಯಾಸ ನೂರಕ್ಕೆ ನೂರು.

ಇನ್ನು ತಲೆ. ಮನುಷ್ಯನ ತಲೆ ನಾಲ್ಕೂವರೆಯಿಂದ ಐದು ಕಿಲೋ. ಮೈ ಎಂಬತ್ತರಿಂದ ನೂರಿಪ್ಪತ್ತಕ್ಕೆ ಏರಿದರೂ ತಲೆ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಮುಷ್ಟಿ ಬೆಳೆಯಿತು, ಗುರಿ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. 85 ಕಿಲೋದವನು ಸರಿಯಾಗಿ ತೂಕ ಕೂಡಿಸಿದರೆ ಯಾವ ದೈತ್ಯನ ತಲೆಯನ್ನಾದರೂ ತಿರುಗಿಸಬಲ್ಲ. ತಿರುಗಿಸುವುದೇ ಇಲ್ಲಿ ಮುಖ್ಯ. ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ ಹೋಲ್ಬರ್ನ್ 1943ರಲ್ಲಿ ಜೆಲಾಟಿನ್‌ನಲ್ಲಿ ಮೆದುಳಿನ ಮಾದರಿ ಮಾಡಿ, ನೇರ ನೂಕಿಗಿಂತ ಥಟ್ಟನೆ ತಿರುಗುವುದೇ ಮೆದುಳಿನ ಪದರಗಳನ್ನು ಜಗ್ಗಿ ಹಾಳುಮಾಡುತ್ತದೆ ಎಂದು ವಾದಿಸಿದ. ದವಡೆಯ ತುದಿಗೆ ಬಿದ್ದ ಹೊಡೆತ ತಲೆಗೆ ಉದ್ದನೆಯ ಸನ್ನೆಗೋಲು ಸಿಕ್ಕಂತೆ ಕೆಲಸ ಮಾಡುವುದು ಇದಕ್ಕೇ. ಹೊಡೆತ ಬರುವುದು ಮೊದಲೇ ಕಂಡರೆ ಕತ್ತಿನ ಸ್ನಾಯು ಬಿಗಿಯುತ್ತದೆ, ತಲೆ ಮೈಗೆ ಸೇರಿ ಗಟ್ಟಿಯಾಗುತ್ತದೆ. ಆದರೆ ಬ್ರೂನೋನ ಮುಷ್ಟಿಗೆ ಬೇಕಾದದ್ದು 0.1 ಸೆಕೆಂಡ್, ಕಂಡದ್ದಕ್ಕೆ ಸ್ಪಂದಿಸಲು ನಮಗೆ ಬೇಕಾಗುವುದು ಸುಮಾರು 0.2 ಸೆಕೆಂಡ್. ಕಣ್ಣಿಗೆ ಕಂಡಮೇಲೆ ತಪ್ಪಿಸಿಕೊಳ್ಳುತ್ತೇನೆ ಎನ್ನುವವನು ಆಗಲೇ ತಿಂದಿರುತ್ತಾನೆ. ಎದುರಾಳಿಯ ಭುಜ, ಸೊಂಟ ನೋಡಿ ಮುಂಚೆಯೇ ಊಹಿಸಬೇಕು.

ಸೆಪ್ಟೆಂಬರ್ 23, 1952ರ ಫಿಲಡೆಲ್ಫಿಯಾ ಪಂದ್ಯದ ಹದಿಮೂರನೇ ಸುತ್ತನ್ನು ನಿಧಾನಗತಿಯಲ್ಲಿ ನೋಡಿ. ಚಾಂಪಿಯನ್ ಜೆರ್ಸಿ ಜೋ ವಾಲ್ಕಾಟ್ ಅಂಕಗಳಲ್ಲಿ ಮುಂದಿದ್ದಾನೆ, ಮೊದಲ ಸುತ್ತಿನಲ್ಲೇ ಮಾರ್ಸಿಯಾನೊನನ್ನು ಕೆಡವಿದ್ದಾನೆ. ಬೆನ್ನು ಹಗ್ಗದ ಕಡೆ. ಇಬ್ಬರೂ ಒಟ್ಟಿಗೆ ಬಲಗೈ ಎತ್ತುತ್ತಾರೆ. ಮಾರ್ಸಿಯಾನೊನದು ತೀರ ಗಿಡ್ಡ ಹೊಡೆತ, ಆದರೆ ಅವನ ಪಾದ ನೆಲ ಒತ್ತಿದೆ, ಸೊಂಟ ತಿರುಗಿದೆ, ಭುಜ ಹಿಂದೆಯೇ ಬಂದಿದೆ. ವಾಲ್ಕಾಟ್‌ನ ಮುಖ ಒಂದು ಕಡೆಗೆ ಜರುಗುತ್ತದೆ, ತಲೆ ಹೊರಳುತ್ತದೆ. ಎಡಗೈ ಹಗ್ಗಕ್ಕೆ ಸಿಕ್ಕಿಕೊಂಡು ಅವನು ಮೊಣಕಾಲ ಮೇಲೆ ಕುಸಿಯುತ್ತಾನೆ. 84 ಕಿಲೋದವನ ಕೆಲಸ ಅದು.

ಈ ಲೆಕ್ಕ ಗೊತ್ತಿಲ್ಲದಲ್ಲಿ ಕಟ್ಟುಕಥೆ ಹುಟ್ಟುತ್ತದೆ. 1919ರ ಜುಲೈ 4ರಂದು ಟೊಲೆಡೊದಲ್ಲಿ 85 ಕಿಲೋದ ಜ್ಯಾಕ್ ಡೆಂಪ್ಸಿ, 111 ಕಿಲೋದ ಜೆಸ್ ವಿಲ್ಲಾರ್ಡ್‌ನನ್ನು ಮೊದಲ ಸುತ್ತಿನಲ್ಲೇ ಏಳು ಸಲ ಕೆಡವಿದ. ಇಷ್ಟು ಸಣ್ಣವನಿಂದ ಹೇಗಾದೀತು, ಕೈಪಟ್ಟಿಯಲ್ಲಿ ಪ್ಲಾಸ್ಟರ್ ಇತ್ತು ಎಂಬ ಮಾತು ಹುಟ್ಟಿತು; ಡೆಂಪ್ಸಿಯ ಮಾಜಿ ಮ್ಯಾನೇಜರನ ಹೆಸರಲ್ಲಿ 1964ರಲ್ಲಿ ಅದು ಅಚ್ಚಾಗಿಯೂ ಬಂತು. ಪ್ಲಾಸ್ಟರ್ ಪೆಡಸು ವಸ್ತು, ಗುದ್ದಿಗೆ ಪುಡಿಯಾಗುತ್ತದೆ. ಐದು ಕಿಲೋದ ತಲೆ ತಿರುಗಿಸಲು ಅದರ ಅಗತ್ಯವೂ ಇಲ್ಲ.

ದೈತ್ಯರು ಹೊಸಬರೂ ಅಲ್ಲ. 1933ರಲ್ಲಿ ಚಾಂಪಿಯನ್ ಆದ ಇಟಲಿಯ ಪ್ರಿಮೊ ಕಾರ್ನೆರಾ ಸುಮಾರು 120 ಕಿಲೋ. ಮರುವರ್ಷ ಮ್ಯಾಕ್ಸ್ ಬೇರ್ ಅವನನ್ನು ಮತ್ತೆ ಮತ್ತೆ ಕೆಡವಿದ. ಏಳಡಿಯ ನಿಕೊಲಾಯ್ ವಾಲ್ಯುಯೆವ್ 2009ರಲ್ಲಿ ತನಗಿಂತ ನಲವತ್ತು ಕಿಲೋಗೂ ಹೆಚ್ಚು ಹಗುರನಾದ ಡೇವಿಡ್ ಹೇ ಎಂಬವನಿಗೆ ಪಟ್ಟ ಬಿಟ್ಟುಕೊಟ್ಟ. ದೊಡ್ಡ ಮೈಗೆ ನಿಜವಾದ ಲಾಭ ಎರಡಿವೆ: ಉದ್ದನೆಯ ತೋಳು, ಮತ್ತು ಅಪ್ಪಿ ಹಿಡಿದಾಗ ಮೈಮೇಲೆ ಬಿದ್ದು ಎದುರಾಳಿಯನ್ನು ದಣಿಸುವುದು. ನಷ್ಟವೂ ಇದೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣದ ಮೇಲೆ ನಿಂತಿದೆ, ತೂಕ ಗಾತ್ರದ ಮೇಲೆ. ಮೈ ಹಿಗ್ಗಿದಂತೆ ತೂಕ ಬಲಕ್ಕಿಂತ ಬೇಗ ಏರುತ್ತದೆ. ಬಿಸಿ ಹೊರಹಾಕುವ ಚರ್ಮವೂ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಹನ್ನೆರಡು ಸುತ್ತು, ಮೂವತ್ತಾರು ನಿಮಿಷ ಅದನ್ನು ಹೊತ್ತು ಕುಣಿಯಬೇಕು.

ಹುಡುಗರ ಪ್ರಶ್ನೆಗೆ ಉತ್ತರ ಈಗಾಗಲೇ ರಿಯಾದ್‌ನಲ್ಲಿ ಸಿಕ್ಕಿದೆ. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಆರಡಿ ಮೂರು ಇಂಚು, ಎರಡೂ ಕೈ ಚಾಚಿದಾಗಿನ ತೋಳಿನ ಹರವು 198 ಸೆಂಟಿಮೀಟರ್, ತೂಕ ನೂರರಿಂದ ನೂರಮೂರು ಕಿಲೋ. ಅಲಿಯ ಎತ್ತರ, ತೋಳಿನ ಹರವು ಹೆಚ್ಚುಕಡಿಮೆ ಅದೇ. 2024ರ ಮೇ ತಿಂಗಳಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಇನ್ನೊಮ್ಮೆ ಉಸಿಕ್ ಫ್ಯೂರಿಯನ್ನು ಸೋಲಿಸಿದ. ಅಲಿಯಷ್ಟೇ ಅಳತೆಯ ಮೈ ಆ ದೈತ್ಯನ ಮುಂದೆ ಪೂರ್ತಿ ಹನ್ನೆರಡು ಸುತ್ತು ನಿಂತು ಗೆದ್ದಿದೆ, ಅದೂ ಎರಡು ಸಲ.

ಆದರೆ ಕಾಕಾ ಬೀಗುವಂತಿಲ್ಲ. ಹಳೆಯ ಪಟ್ಟ ನಿಜವಾಗಿ ವಿಶ್ವಪಟ್ಟವೇ? 1908ರಲ್ಲಿ ಮೊದಲ ಕಪ್ಪು ಚಾಂಪಿಯನ್ ಆದ ಜ್ಯಾಕ್ ಜಾನ್ಸನ್ 1915ರಲ್ಲಿ ಹವಾನಾದಲ್ಲಿ ಸೋತ ಮೇಲೆ 1937ರಲ್ಲಿ ಜೋ ಲೂಯಿಸ್‌ಗೆ ಅವಕಾಶ ಸಿಗುವವರೆಗೆ ಯಾವ ಕಪ್ಪು ಬಾಕ್ಸರನಿಗೂ ಹೆವಿವೇಟ್ ಪಟ್ಟದ ಪಂದ್ಯ ದಕ್ಕಲಿಲ್ಲ. ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದರೂ ಡೆಂಪ್ಸಿ ಎದುರು ರಿಂಗಿಗಿಳಿಯಲಾಗಲಿಲ್ಲ. ಡೆಂಪ್ಸಿಯ ಹೊಡೆತವನ್ನು ನಾನು ಮೆಚ್ಚುತ್ತೇನೆ, ಅವನ ಪಟ್ಟದಿಂದ ಮಾತ್ರ ಒಂದು ದೊಡ್ಡ ಪಾಲು ಕಳೆಯುತ್ತೇನೆ. 1970ರ ದಶಕದಲ್ಲೂ ಸೋವಿಯತ್ ಬಾಕ್ಸರರು ವೃತ್ತಿಪರ ರಿಂಗಿಗೆ ಬರುವಂತಿರಲಿಲ್ಲ. ಮೂರು ಒಲಿಂಪಿಕ್‌ಗಳಲ್ಲಿ ಚಿನ್ನ ಗೆದ್ದ ಕ್ಯೂಬಾದ ತಿಯೋಫಿಲೊ ಸ್ಟೀವನ್‌ಸನ್ ವೃತ್ತಿಪರನಾಗಲು ಒಪ್ಪಲಿಲ್ಲ, ಅಲಿಯ ಎದುರು ನಿಲ್ಲಲೇ ಇಲ್ಲ. ಸೋವಿಯತ್ ಬಾಗಿಲು ತೆರೆದ ಮೇಲಷ್ಟೇ ಕ್ಲಿಚ್ಕೊ ಸಹೋದರರಂಥವರು ಕಂಡದ್ದು.

ನನ್ನ ತೂಗುವಿಕೆಯಲ್ಲಿ ಇನ್ನೊಂದು ಲೆಕ್ಕವಿದೆ: ಎಷ್ಟು ಹೊಡೆದ ಎನ್ನುವಷ್ಟೇ, ಎಷ್ಟು ತಿಂದ ಎಂಬುದು. ಹೊಡೆತ ತಿಂದು ತಿಂದು ಬಾಕ್ಸರರ ಮೆದುಳು ಕೆಡುವುದನ್ನು ನ್ಯೂಜೆರ್ಸಿಯ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದ. ಗ್ಲೌಸ್ ಕಾಪಾಡುವುದು ಹೊಡೆಯುವವನ ಬೆರಳೆಲುಬನ್ನು, ತಿನ್ನುವವನ ಮೆದುಳನ್ನಲ್ಲ. ಎದೆ ಕೊಟ್ಟು ನಿಂತ ಎಂದು ಕೊಂಡಾಡುವವರನ್ನು ಕಂಡರೆ ನನಗೆ ಹೆದರಿಕೆಯಾಗುತ್ತದೆ. ಕಿನ್ಶಾಸಾದಲ್ಲಿ ಹಗ್ಗಕ್ಕೊರಗಿ, ಮನಿಲಾದಲ್ಲಿ ಹದಿನಾಲ್ಕು ಸುತ್ತು ಜೋ ಫ್ರೇಜಿಯರನ ಏಟು ತಿಂದು ಗೆದ್ದ ಅಲಿಯನ್ನು ಎಲ್ಲರೂ ಮೇಲಿಡುತ್ತಾರೆ. ನಾನು ಮೇಲಿಡುವುದು ನವೆಂಬರ್ 1966ರಲ್ಲಿ ಹ್ಯೂಸ್ಟನ್ನಿನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರೇ ಸುತ್ತಿನಲ್ಲಿ ಮುಗಿಸಿದ, ಮುಟ್ಟಲೂ ಸಿಗದ ಅಲಿಯನ್ನು. ಮರುವರ್ಷ ಸೈನ್ಯಕ್ಕೆ ಸೇರಲು ನಿರಾಕರಿಸಿದ್ದಕ್ಕೆ ಮೂರೂವರೆ ವರ್ಷ ಅವನನ್ನು ರಿಂಗಿನಿಂದ ಹೊರಗಿಟ್ಟರು. ಮರಳಿ ಬಂದಾಗ ಕಾಲು ನಿಧಾನವಾಗಿದ್ದವು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಪತ್ತೆಯಾಯಿತು.

ನನ್ನ ಪಟ್ಟಿಯಲ್ಲಿ ಅಲಿಯ ಕೆಳಗೆ ಲೂಯಿಸ್. ಸುಮಾರು ಹನ್ನೆರಡು ವರ್ಷ ಪಟ್ಟ ಉಳಿಸಿಕೊಂಡು 25 ಸಲ ಕಾಪಾಡಿದ್ದನ್ನು ಯಾರೂ ಮುರಿದಿಲ್ಲ. ಮೂರನೆಯದು ಉಸಿಕ್, ತನ್ನ ಕಾಲದ ದೈತ್ಯರನ್ನು ಗೆದ್ದದ್ದಕ್ಕೆ. ಮಾರ್ಸಿಯಾನೊನನ್ನು ಅದಕ್ಕೂ ಕೆಳಗಿಡುತ್ತೇನೆ. ಇದಕ್ಕೆ ಕಾಕಾ ಒಪ್ಪುವುದಿಲ್ಲ ಎಂದು ಗೊತ್ತು. ಮಾರ್ಸಿಯಾನೊನ ಹೊಡೆತದಲ್ಲಿ ಕೊರತೆಯಿರಲಿಲ್ಲ, ತೂಕವೂ ಅಡ್ಡಿಯಲ್ಲ. ಆದರೆ ತೋಳಿನ ಹರವು 173 ಸೆಂಟಿಮೀಟರ್. ಉಸಿಕ್‌ನಂಥ ಕಾಲುಚುರುಕಿನವನ ದವಡೆಯನ್ನು ಮುಟ್ಟಬೇಕಾದರೆ ಒಂದೊಂದು ತೋಳಿಗೆ ಸುಮಾರು 12 ಸೆಂಟಿಮೀಟರಿನ ಆ ಅಂತರವನ್ನು ಪ್ರತಿ ಸಲವೂ ಜ್ಯಾಬ್‌ಗಳನ್ನು, ಅಂದರೆ ಮುಂದಿನ ಕೈಯ ಚುರುಕು ಗುದ್ದುಗಳನ್ನು, ತಿನ್ನುತ್ತಲೇ ದಾಟಬೇಕಾಗುತ್ತಿತ್ತು.